ಮುಂದಿನ ಸಾಲಿನ ಅಳು

ಕೆಂಗೇರಿ
16 ಜೂನ್ 2024

ಅಕ್ಕ,

ಭಾನುವಾರದ ಫೋನು ನಂಗೆ ಬೇಡ. ನಿಮ್ ಟ್ರೈನಿಂಗ್ ಸೆಂಟರ್‌ನೋರು ಕೊಡೋದೇ ಹತ್ತು ನಿಮಿಷ. ಅದ್ರಲ್ಲಿ ಅಮ್ಮ ಊಟ ಏನಿತ್ತು ಅಂತ ಕೇಳೋ ಹೊತ್ಗೆ ಅರ್ಧ ಮುಗೀತು. ಆಮೇಲೆ ಅಪ್ಪ ಕಿತ್ಕೊಂಡು ಬೀದಿಗೆಲ್ಲ ಕೇಳೋ ಹಂಗೆ ಜೈ ಹಿಂದ್ ಅಂತಾನೆ. ನನ್ ಕೈಗೆ ಬಂದಾಗ ಕಟ್. ಅದಕ್ಕೇ ಕಾಗ್ದ. ನಗ್ಬೇಡ. ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನ್ ಬರ್ದ್ರೆ ಹಿಂಗೇ ಇರೋದು. ಮಾತಾಡ್ದಂಗೇ ಬರೀತೀನಿ, ಓದ್ಕೋ.

ನೀನ್ ಮಹಾರಾಷ್ಟ್ರಕ್ಕೆ ಹೋಗಿ ಖಾಕಿ ಹಾಕ್ಕೊಂಡಿದ್ದು ನಮ್ ಅಪ್ಪನ್ ತಲೆಗೇರಿದೆ. ಮೊನ್ನೆ ಟೀ ಅಂಗ್ಡೀಲಿ ಕೂತ್ಕೊಂಡು, "ಮಾನಸ ಸೆಂಟ್ರಲ್ ಪೊಲೀಸ್ ಪಡೆಗೆ ಸೇರವ್ಳೆ. ನಮ್ಮನೆ ಗಂಡ್ಮಗ ಅಂದ್ರೆ ಅವ್ಳೇ" ಅಂತಿದ್ದ. ಯಾರೋ, "ಹಂಗಾದ್ರೆ ಮೋಹನ?" ಅಂದ್ರು. ಅಪ್ಪ ಬೀಡಿ ಬೂದಿ ಕೊಡವಿ, "ಅವ್ನೂ ಅವ್ನೆ" ಅಂದ. ಅಷ್ಟೇ. ಮನೇಲಿ ಫ್ರಿಜ್ಜೂ ಇದೆ ಅನ್ನೋ ಹಂಗೆ.

ನಂಗೂ ಕೆಲ್ಸ ಸಿಕ್ತು. ರಾಜರಾಜೇಶ್ವರಿನಗರದ್ ಕಡೆ ಒಂದು ಟಿವಿ ಶೋ ಶೂಟಿಂಗ್ ಮಾಡೋ ಶೆಡ್ ಇದೆ. ಅಲ್ಲಿ ಲೈಟ್ ಡಿಪಾರ್ಟ್‌ಮೆಂಟು. ಶ್ರೀಶೈಲಣ್ಣ ಅಂತ ಒಬ್ರು ಲೈಟ್‌ಮ್ಯಾನ್ ಇದಾರೆ, ಬಾಪೂಜಿ ನಗರದೋರು, ಅವ್ರ್ ಜೊತೆ. ಒಳ್ಳೆ ಮನ್ಷ. ಕೆಲ್ಸ ಚೆನ್ನಾಗಿದೆ. ಅಪ್ಪಂಗೆ ಹೇಳು.

ಮೋಹನ್

*

7 ಜುಲೈ 2024

ಪ್ರೀತಿಯ ಮೋಹನ್,

ನಿನ್ನ ಪತ್ರ ಓದಿ ಸಂತೋಷಪಡಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಇನ್ನೊಂದು ನೋಡಿದೆ.

ನನ್ನ ಪಕ್ಕದ ಮಂಚ ಅನಘಾ ಎಂಬ ಹುಡುಗಿಯದು. ಹಾವೇರಿಯವಳು, ಇಲ್ಲಿ ಕನ್ನಡ ಮಾತಾಡಲು ಅವಳೊಬ್ಬಳೇ. ಕಳೆದ ಭಾನುವಾರ ಫೋನ್ ಕೊಟ್ಟಾಗ ಅವಳು ಯಾವುದೋ ಕನ್ನಡ ಶೋದ ತುಣುಕು ನೋಡುತ್ತಿದ್ದಳು. ಮನೆ ಬಿಟ್ಟು ಹೋದ ಮಗ ತಾಯಿಗೆ ಸಿಗುವ ದೃಶ್ಯ. ಜನರ ಮಧ್ಯೆ, ಮುಂದಿನ ಸಾಲಿನಲ್ಲಿ, ನೀನು. ನಿನ್ನ ಮುಖ ಪೂರ್ತಿ ಪರದೆಯ ಮೇಲೆ. ಕಣ್ಣೀರು ಗಲ್ಲದ ತನಕ ಇಳಿದಿತ್ತು. ಮೋಹನ್, ನೀನು ಎಂಟು ವರ್ಷದವನಿದ್ದಾಗ ಬಿಟ್ಟರೆ ಹಾಗೆ ಅತ್ತಿದ್ದು ನಾನು ನೋಡಿಲ್ಲ.

ಏನಾಯಿತು? ಅಪ್ಪ ಹೊಡೆದರಾ? ಲೈಟಿನ ಕೆಲಸದವನು ಪ್ರೇಕ್ಷಕರ ನಡುವೆ ಯಾಕೆ ಕೂತಿದ್ದೆ? ನಾನು ಮನೆ ಬಿಟ್ಟು ಬಂದದ್ದಕ್ಕಾ? ನನ್ನ ನೆನಪಾಗಿ ಅತ್ತೆಯಾ? ಹಾಗಿದ್ದರೆ ಬೇಡ. ನಾನಿಲ್ಲಿ ಚೆನ್ನಾಗಿದ್ದೇನೆ. ಬೆಳಗ್ಗೆ ಓಟ, ಆಮೇಲೆ ಡ್ರಿಲ್, ಆಮೇಲೆ ಕ್ಲಾಸು. ಇಲ್ಲಿ ಯಾರೂ ಅಳುವುದಿಲ್ಲ. ನಾನಂತೂ ಒಂದು ಸಲವೂ ಅತ್ತಿಲ್ಲ.

ನಿಜ ಬರೆ.

ಅಕ್ಕ

*

ಕೆಂಗೇರಿ
15 ಜುಲೈ 2024

ಅಕ್ಕ,

ನಿನ್ನ ನೆನಪಾಗಿ ಅಂತೆ. ನಿಂಗೆ ಇಷ್ಟು ಕೊಬ್ಬು ಇರ್ಬಾರ್ದು.

ಲೈಟ್ ಡಿಪಾರ್ಟ್‌ಮೆಂಟ್ ಅಂದಿದ್ದು ಸುಳ್ಳು. ಅಳೋ ಡಿಪಾರ್ಟ್‌ಮೆಂಟು. ಸೇತುರಾಮ ಅಂತ ಒಬ್ಬ ಇದಾನೆ, ಶೋಗಳಿಗೆ ಜನ ಸಪ್ಲೈ ಮಾಡೋನು. ಕೆಂಗೇರಿ, ಕಾಮಾಕ್ಷಿಪಾಳ್ಯ, ನಾಯಂಡಹಳ್ಳಿಯಿಂದ ಬಸ್ಸಲ್ಲಿ ಹೆಂಗಸ್ರನ್ನ ತುಂಬ್ಕೊಂಡು ಹೋಗ್ತಾನೆ. ಅವ್ರೇ ನೀವು ಟಿವೀಲಿ ನೋಡೋ ವೀಕ್ಷಕರು. ತಮ್ಮಣ್ಣ ಅಂತ ಫ್ಲೋರ್ ಮ್ಯಾನೇಜರು ಎದುರಿಗೆ ನಿಂತಿರ್ತಾನೆ. ಕೈ ಎತ್ತಿದ್ರೆ ಚಪ್ಪಾಳೆ. ಎದೆ ಮೇಲೆ ಕೈ ಇಟ್ರೆ ಅಳು. ಚೆನ್ನಾಗ್ ಅಳೋರಿಗೆ ಮುಂದಿನ ಸಾಲು, ಕಾಸೂ ಜಾಸ್ತಿ.

ನಾನ್ ಹೋಗಿದ್ದು ಸುಮ್ನೆ ಚಪ್ಪಾಳೆಗೆ. ಹಿಂದಿನ ಸಾಲಲ್ಲಿ ಕೂತಿದ್ದೆ. ಒಬ್ಬ ಅಜ್ಜಿ ಚೇರ್ ಎಳ್ಕೊಂಡ್ಳು ಅಂತ ತಮ್ಮಣ್ಣ ಅವ್ಳಿಗೆ ಬಾಯಿಗ್ ಬಂದಂಗೆ ಬೈದ. ನಂಗೆ ಉರೀತು. ಬೇರೆಯೋರಿಗೆ ಕೋಪ ಬಂದ್ರೆ ಕೈ ಏಳತ್ತೆ, ನಂಗೆ ಕಣ್ಣಲ್ಲಿ ನೀರ್ ಏಳತ್ತೆ. ಕ್ಯಾಮೆರಾದೋನು ನೋಡ್ಬಿಟ್ಟ. ಸೇತುರಾಮ ಹೊರಗ್ ಕರ್ಕೊಂಡ್ ಬಂದು ಹೆಗಲ್ ಮೇಲ್ ಕೈ ಹಾಕಿ, "ಹೆಂಗಸ್ರು ಅಳೋದು ನೂರ್ ಜನ ಸಿಕ್ತಾರೆ ಗುರು. ಗಂಡಸು ಅತ್ರೆ ಅದು ಪ್ರೋಮೋ" ಅಂದ. ಮಾರನೇ ದಿನದಿಂದ ಮುಂದಿನ ಸಾಲು.

ಹೆಂಗ್ ಅಳ್ತೀನಿ ಅಂತ ಕೇಳ್ತೀಯ. ಸ್ಟೇಜ್ ಮೇಲೆ ತಾಯೀನೋ ಮಗನೋ ತಬ್ಕೊಳೋದನ್ನ ನಾನ್ ನೋಡೋದೇ ಇಲ್ಲ. ಒಂಬತ್ತನೇ ಕ್ಲಾಸ್ ನೆನೆಸ್ಕೋತೀನಿ. ಕಿಟಕಿ ಗಾಜು ನಾನ್ ಒಡ್ದಿರ್ಲಿಲ್ಲ. ಒಡ್ದಿಲ್ಲ ಸಾರ್ ಅಂದೆ. ಸಿಟ್ಟಿಗೆ ನೀರ್ ಬಂತು. "ತಪ್ ಮಾಡಿಲ್ಲ ಅಂದ್ರೆ ಯಾಕೋ ಅಳ್ತೀಯ" ಅಂತ ಇನ್ನೂ ನಾಲ್ಕ್ ಬಿಟ್ರು. ಕ್ಲಾಸೆಲ್ಲ ಮೋಹಿನಿ ಅಂತ ಕರೆಯೋಕ್ ಶುರು ಮಾಡ್ತು. ನಾನು ಬ್ಯಾಗ್ ಅಲ್ಲೇ ಬಿಟ್ ಬಂದೆ. ಅದನ್ನ ನೆನೆಸ್ಕೊಂಡ್ರೆ ಸಾಕು, ಕೊಳಾಯಿ ಬಿಟ್ಟಂಗೆ. ಟಿವಿ ನೋಡೋರು ಪಾಪ ತಾಯಿ ಪ್ರೀತಿ ಅನ್ಕೋತಾರೆ.

ನನ್ ಮುಖ ಈಗ ವಾಟ್ಸಾಪಲ್ಲಿ ಸ್ಟಿಕರ್ರು. ಕೆಳಗೆ 'ಸೋಮವಾರ ಬೆಳಗ್ಗೆ' ಅಂತ ಬರ್ದಿದಾರೆ. ಅಪ್ಪನ್ ಫೋನಿಗೂ ಯಾರೋ ಕಳ್ಸಿದ್ರು. ಅವತ್ತಿಂದ ನಾನ್ ಊಟಕ್ ಕೂತ್ರೆ ಅಪ್ಪ ತಟ್ಟೆ ತಗೊಂಡು ಜಗ್ಲಿಗ್ ಹೋಗ್ತಾನೆ. ಅಮ್ಮ, "ಹೆಣ್ಮಕ್ಳು ಅತ್ರೆ ಯಾರೂ ತಿರುಗ್ ನೋಡಲ್ಲ, ನೀನ್ ಅತ್ರೆ ಊರೇ ನೋಡತ್ತಲ್ಲೋ" ಅಂದ್ಳು.

ನಗದೇ ಇದ್ದೋರು ಶ್ರೀಶೈಲಣ್ಣ ಒಬ್ರೇ. ಆ ಮನ್ಷ ನಿಜ. ಒಂದಿನ ಟೀ ಕುಡೀತಾ, "ಕೋಪಕ್ ಅಳ್ತೀಯ ಅಲ್ವೇನೋ" ಅಂದ್ರು. ಕಂಡುಹಿಡಿದೋರು ಅವ್ರೇ ಮೊದ್ಲು. ಅವ್ರಿಗೆ ಬೇರೆ ತಲೆನೋವು. ಶೆಡ್ ಸೂರು ಸೋರತ್ತೆ. ಲೈಟ್ ಕಟ್ಟಿರೋ ಕಬ್ಬಿಣದ ಚೌಕಟ್ಟಿನ್ ಮೇಲೇ ನೀರ್ ಬೀಳತ್ತೆ. ವೈರು ಟೇಪ್ ಸುತ್ತಿರೋದು. ತಮ್ಮಣ್ಣಂಗೆ ಎರಡ್ ಸಲ ಹೇಳಿದ್ರು. "ಮಳೆಗಾಲ ಮುಗೀಲಿ" ಅಂದ ಅವ್ನು.

ಸರಿ. ನಿಜ ಬರಿ ಅಂದೆ, ಬರ್ದಿದೀನಿ.

ಮೋಹನ್

*

4 ಆಗಸ್ಟ್ 2024

ಮೋಹನ್,

ಅಪ್ಪ ಫೋನಿನಲ್ಲಿ ಎಲ್ಲ ಹೇಳಿದರು. ಆ ಕೆಲಸ ಬಿಡು. ಗ್ಯಾರೇಜು ನೋಡು, ಡೆಲಿವರಿ ನೋಡು. ಇದು ಮಾತ್ರ ಬೇಡ.

ನೀನು ಹೇಳಿದ್ದು ಅರ್ಥವಾಗಲಿಲ್ಲ ಎಂದಲ್ಲ. ಆದರೆ ಜಗತ್ತು ನಿನ್ನ ಕೋಪವನ್ನು ನೋಡುವುದಿಲ್ಲ, ನೀರನ್ನು ಮಾತ್ರ ನೋಡುತ್ತದೆ. ಇಲ್ಲಿಗೆ ಬಂದ ಮೇಲೆ ನನಗೆ ಅದು ಚೆನ್ನಾಗಿ ಗೊತ್ತಾಗಿದೆ. ಅನಘಾ ಮನೆಗೆ ಹೋದಳು. ಗೋಡೆ ಹತ್ತುವಾಗ ಬಿದ್ದು ಕಾಲು ಉಳುಕಿ ಅತ್ತಳು, ಅಷ್ಟೇ. ಮಾರನೇ ದಿನ ಅವಳಷ್ಟು ವೇಗವಾಗಿ ಯಾರೂ ಓಡಲಿಲ್ಲ. ಆದರೂ ಅವಳ ಹೆಸರಿನ ಮುಂದೆ 'ಮನಸ್ಸು ಗಟ್ಟಿಯಿಲ್ಲ' ಎಂದು ಬರೆದರು. ಗಂಡುಮಕ್ಕಳ ಬ್ಯಾಚಿನಲ್ಲಿ ಯಾರಾದರೂ ಅತ್ತರೆ, "ಹೆಣ್ಣುಮಕ್ಕಳ ಬ್ಯಾಚಿಗೆ ಹೋಗು" ಅನ್ನುತ್ತಾರೆ. ನಮ್ಮನ್ನು ಕಳಿಸಲು ಅವರಿಗೆ ಇನ್ನೊಂದು ಬ್ಯಾಚಿಲ್ಲ, ಮನೆಗೇ ಕಳಿಸುತ್ತಾರೆ.

ಇಲ್ಲಿ ಹುಡುಗಿಯರು ಒಬ್ಬರಿಗೊಬ್ಬರು ಹೇಳಿಕೊಡುವ ಉಪಾಯ ಒಂದಿದೆ. ಕಣ್ಣು ತುಂಬಿತು ಅನ್ನಿಸಿದಾಗ ನಾಲಿಗೆಯನ್ನು ಅಂಗುಳಕ್ಕೆ ಗಟ್ಟಿಯಾಗಿ ಒತ್ತಿ ಹಿಡಿ. ಹಣೆಯನ್ನು ಸಡಿಲ ಬಿಡು. ನೀರು ವಾಪಸು ಹೋಗುತ್ತದೆ. ಅಭ್ಯಾಸ ಮಾಡು.

ನನಗಿಲ್ಲಿ ಏನೂ ತೊಂದರೆ ಇಲ್ಲ.

ಅಕ್ಕ

*

ಕೆಂಗೇರಿ
9 ಆಗಸ್ಟ್ 2024

ಅಕ್ಕ,

ನಿನ್ ಕಾಗ್ದ ಇವತ್ ಬಂತು. ಶ್ರೀಶೈಲಣ್ಣ ಬುಧವಾರ ಸತ್ರು.

ಮಧ್ಯಾಹ್ನ ಊಟ ಆದ್ಮೇಲೆ. ಹೊರಗೆ ಮಳೆ. ಶೋ ಶುರು ಆಗಕ್ಕೆ ಮುಂಚೆ ಒಂದ್ ಲೈಟ್ ಮಿಣಮಿಣ ಅಂತಿತ್ತು. ಶ್ರೀಶೈಲಣ್ಣ ಮೇನ್ ಆಫ್ ಮಾಡ್ಸಿ ಅಂದ್ರು. ಆಫ್ ಮಾಡಿದ್ರೆ ಏಸಿನೂ ಹೋಗತ್ತೆ, ಶೋ ನಡೆಸೋ ಮೇಡಂ ಮೇಕಪ್ ಕರಗತ್ತೆ ಅಂತ ತಮ್ಮಣ್ಣ, "ಹತ್ರೀ, ಏನಾಗಲ್ಲ" ಅಂದ. ಪರದೆ ಹಿಂದೆ ನಾನೇ ಏಣಿ ಹಿಡ್ಕೊಂಡಿದ್ದೆ. ಮರದ್ ಏಣಿ, ಅದಕ್ಕೇ ನಾನ್ ಉಳ್ದೆ. ಅವ್ರು ಒಂದ್ ಕೈಲಿ ಶೆಡ್ಡಿನ್ ಕಬ್ಬಿಣದ್ ಕಂಬ ಹಿಡ್ಕೊಂಡು ಇನ್ನೊಂದ್ರಲ್ಲಿ ಚೌಕಟ್ಟು ಮುಟ್ಟಿದ್ರು. ಒಂದ್ ಶಬ್ದ ಇಲ್ಲ. ಹಂಗೇ ನೆಟ್ಟಗಾಗಿ ಕೆಳಗ್ ಬಂದ್ರು.

ನಾನು ಪರದೆ ಸರ್ಸಿ ಹಾಲ್ ಒಳಗ್ ಓಡ್ದೆ. ಜನ ಎಲ್ಲ ಕೂತಿದ್ರು. "ಶ್ರೀಶೈಲಣ್ಣಂಗೆ ಕರೆಂಟ್ ಹೊಡೀತು, ಯಾರಾದ್ರೂ ಬನ್ನಿ" ಅಂತ ಕಿರ್ಚ್ದೆ. ಕಣ್ಣಲ್ಲಿ ನೀರ್ ಸುರೀತಿತ್ತು. ಯಾರೂ ಏಳ್ಲಿಲ್ಲ ಅಕ್ಕ. ರಿಹರ್ಸಲ್ ಅನ್ಕೊಂಡ್ರು. ಮುಂದಿನ ಸಾಲಿನೋರು ಸೆರಗು ತಗೊಂಡು ಕಣ್ಣಿಗ್ ಇಟ್ಕೊಂಡ್ರು. ಒಬ್ಳು ಪಕ್ಕದೋಳಿಗೆ, "ಈ ಹುಡ್ಗ ಎಷ್ಟ್ ಚೆನ್ನಾಗ್ ಮಾಡ್ತಾನೆ ಕಣೇ" ಅಂದಿದ್ದು ನಂಗ್ ಕೇಳಿಸ್ತು. ಹಿಂದೆ ಯಾರೋ ಚಪ್ಪಾಳೆ ಶುರು ಮಾಡಿದ್ರು. ಆಮೇಲೆ ಹಾಲ್ ಪೂರ್ತಿ ಚಪ್ಪಾಳೆ. ಒಬ್ಬ ಫೋನ್ ಎತ್ತಿ ಹಿಡ್ದು, "ಇನ್ನೊಂದ್ ಸಲ ಮಾಡು ಮಗಾ" ಅಂದ.

ಅವ್ರ ತಪ್ಪಲ್ಲ. ದಿನಾ ಹಂಗೇ ಕಲ್ಸಿರೋದು.

ನಾನ್ ವಾಪಸ್ ಓಡಿದಾಗ ತಮ್ಮಣ್ಣ ಬಾಡಿ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಉಸಿರು ನೋಡ್ತಿದಾನೆ ಅನ್ಕೊಂಡೆ. ಅಲ್ಲ. ಅವ್ನ್ ಕೈಲಿ ಕ್ವಾರ್ಟರ್ ಬಾಟ್ಲು. ಶ್ರೀಶೈಲಣ್ಣನ್ ಶರ್ಟ್ ಮೇಲೆ, ಬಾಯ್ ಹತ್ರ ಸುರೀತಿದ್ದ. ನನ್ ನೋಡಿ ಹೆದರ್ಲಿಲ್ಲ. "ನೀನ್ ಹೋಗಿ ನಿನ್ ಸೀಟಲ್ ಕೂತ್ಕೋ" ಅಂದ.

ಈಗ ಎಲ್ರೂ ಹೇಳ್ತಿದಾರೆ, ಕುಡ್ದು ಏಣಿ ಹತ್ತಿ ಬಿದ್ದ ಅಂತ. ಅಕ್ಕ, ಶ್ರೀಶೈಲಣ್ಣ ಕೊರಳಲ್ಲಿ ಲಿಂಗ ಕಟ್ಕೊಂಡಿರೋರು. ಪೂಜೆ ಇಲ್ದೆ ಟೀ ಕೂಡ ಕುಡೀತಿರ್ಲಿಲ್ಲ.

ಬಾಟ್ಲು ನೋಡಿದ್ದು ನಾನೊಬ್ನೇ.

ಮೋಹನ್

*

ಕೆಂಗೇರಿ
20 ಆಗಸ್ಟ್ 2024

ಅಕ್ಕ,

ಯಾಕ್ ಬರೀಲಿಲ್ಲ? ಮೊನ್ನೆ ಭಾನುವಾರ ಫೋನೂ ಬರ್ಲಿಲ್ಲ. ಅಮ್ಮ ದೇವ್ರ ಮುಂದೆ ಕೂತಿದಾಳೆ. ನಿಮ್ ಕಡೆ ನೆಟ್ವರ್ಕ್ ಇರಲ್ಲ ಅಂತ ನಾನೇ ಸುಳ್ ಹೇಳಿದೀನಿ.

ಸ್ಟೇಷನ್‌ಗೆ ಹೋಗಿದ್ದೆ. ಶ್ರೀಶೈಲಣ್ಣನ್ ಹೆಂಡ್ತಿ ಧನ್ಯಶ್ರೀ ಇದ್ರು, ಜೊತೆಗೆ ಅವ್ರ ಮಾವ. ಐದ್ ವರ್ಷದ್ ಮಗು ಬೇರೆ. ನಾನ್ ಒಳಗ್ ಹೋಗ್ತಿದ್ದಂಗೆ ಕಾನ್‌ಸ್ಟೇಬಲ್ ಒಬ್ಬ, "ಏ ಬನ್ರಪ್ಪ, ಸೋಮವಾರ ಬೆಳಗ್ಗೆ ಬಂದಿದಾನೆ" ಅಂದ. ನಾಲ್ಕ್ ಜನ ಬಂದ್ ನನ್ ಮುಖ ನೋಡಿ ಫೋನ್ ತೆಗ್ದು ಸ್ಟಿಕರ್ ಪಕ್ಕ ಹಿಡಿದ್ರು. ನಾನ್ ಬಾಟ್ಲು ವಿಷ್ಯ ಹೇಳೋಕ್ ಶುರು ಮಾಡ್ದೆ. ಸಿಟ್ಟು ಬಂತು. ನೀರು. ರೈಟರ್ ಪೆನ್ ಕೆಳಗಿಟ್ಟ. "ಇಲ್ಲೂ ಪೇಮೆಂಟ್ ಇದ್ಯೇನೋ? ಯಾರ್ ಕೊಟ್ರು?" ಅಂದ. ಬರ್ಕೊಳಿ ಸಾರ್ ಅಂದೆ. "ಅಳೋದನ್ನ ಹೆಂಗ್ ಬರ್ಕೊಳ್ಳೋದಪ್ಪ" ಅಂದ.

ಧನ್ಯಶ್ರೀ ಅಳ್ಲಿಲ್ಲ. ಅವ್ರಲ್ಲಿ ದೇಹದ್ ಮುಂದೆ ಅಳ್ಬಾರ್ದಂತೆ, ಲಿಂಗದಲ್ಲಿ ಸೇರ್ದೋರಿಗೆ ಅಳ್ಬಾರ್ದು, ಭಜನೆ ಹೇಳ್ಬೇಕಂತೆ. ಮಣ್ಣು ಮಾಡೋ ತನ್ಕ ಹಾಡ್ತಾನೇ ಇದ್ರಂತೆ. ಅದನ್ನೇ ಹಿಡ್ಕೊಂಡು ರೈಟರ್ ಕೇಳ್ದ, "ಏನಮ್ಮ, ಗಂಡ ಹೋಗಿ ಎರಡ್ ವಾರ ಆಗಿಲ್ಲ, ಹಿಂಗ್ ಕಲ್ಲಂಗ್ ಕೂತಿದ್ಯಲ್ಲ. ಮನೇಲಿ ಜಗಳ ಇತ್ತಾ? ಅದಕ್ಕೇ ಕುಡೀತಿದ್ನಾ?" ನಾನ್ ಅತ್ತಿದ್ದಕ್ಕೆ ನನ್ ಮಾತು ಸುಳ್ಳು. ಅವ್ರು ಅಳದೇ ಇದ್ದಿದ್ದಕ್ಕೆ ಅವ್ರ್ ಗಂಡ ಕುಡುಕ. ನೀನು ಓದಿರೋಳು, ಇದಕ್ಕೇನಂತಾರೆ ಹೇಳು.

ರಕ್ತದ್ ರಿಪೋರ್ಟ್ ಬರಕ್ಕೆ ತಿಂಗ್ಳುಗಟ್ಲೆ ಆಗತ್ತಂತೆ. ಸೆಪ್ಟೆಂಬರ್ ಹನ್ನೊಂದಕ್ಕೆ ಪರಿಹಾರದ್ ಆಫೀಸಲ್ಲಿ ವಿಚಾರಣೆ. ಕುಡ್ದಿದ್ದ ಅಂತ ಅವ್ರು ಬರ್ದ್ರೆ ಮುಗೀತು. ಧನ್ಯಶ್ರೀ ನನ್ನ ಕೇಳಿದ್ದು ಒಂದೇ. "ದುಡ್ಡು ಹೋದ್ರೆ ಹೋಗ್ಲಿ ಅಣ್ಣ. ಮಗು ದೊಡ್ಡೋಳಾದ್ಮೇಲೆ ಅಪ್ಪ ಕುಡ್ದು ಸತ್ತ ಅಂತ ಯಾರೂ ಹೇಳ್ಬಾರ್ದು. ನೀವ್ ನೋಡಿದ್ದನ್ನ ಹೇಳ್ತೀರಲ್ಲ?"

ಹೇಳ್ತೀನಿ ಅಂದೆ. ಹೆಂಗ್ ಹೇಳ್ಲಿ? ನಿಂಗೆ ಇದೆಲ್ಲ ಗೊತ್ತಿರತ್ತೆ. ಬೇಗ ಬರಿ.

ಮೋಹನ್

*

29 ಆಗಸ್ಟ್ 2024

ಮೋಹನ್,

ಎರಡೂ ಪತ್ರ ತಲುಪಿವೆ. ಪರೀಕ್ಷೆಗಳಿದ್ದವು, ಬರೆಯಲಾಗಲಿಲ್ಲ. ಅಮ್ಮನಿಗೆ ಹಾಗೇ ಹೇಳು.

ಗಮನವಿಟ್ಟು ಓದು. ಅಳುವವನ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ. ಇದು ನ್ಯಾಯವೋ ಅನ್ಯಾಯವೋ ಬೇರೆ ವಿಷಯ. ವಿಚಾರಣೆಯ ದಿನ ನೀನು ಒಂದು ಹನಿಯನ್ನೂ ಹಾಕಕೂಡದು. ನಮಗೆ ಇಲ್ಲಿ ವರದಿ ಕೊಡುವುದನ್ನು ಹೇಳಿಕೊಟ್ಟಿದ್ದಾರೆ. ಎಲ್ಲಿ, ಯಾವಾಗ, ಯಾರು, ಏನು ಮಾಡಿದರು. ಅಷ್ಟೇ. 'ಪಾಪ', 'ಒಳ್ಳೆ ಮನುಷ್ಯ' ಇವೆಲ್ಲ ಬೇಡ. ಅಣ್ಣ ಅನ್ನಬೇಡ, ಶ್ರೀಶೈಲ ಎನ್ನು. ಸೋರುವ ಸೂರು, ಟೇಪು ಸುತ್ತಿದ ವೈರು, ಮೇನ್ ಆಫ್ ಮಾಡಲು ಕೇಳಿದ್ದು, ಬಾಟಲಿ. ಇದೇ ಕ್ರಮದಲ್ಲಿ ಹೇಳು. ಕನ್ನಡಿಯ ಮುಂದೆ ನಿಂತು ದಿನಾ ಹೇಳಿ ಅಭ್ಯಾಸ ಮಾಡು. ಕಣ್ಣು ತುಂಬಿದರೆ ನಾಲಿಗೆ ಮೇಲಕ್ಕೆ ಒತ್ತು, ಮೂಗಿನಲ್ಲಿ ಉಸಿರಾಡು. ಮುಖ ಕಲ್ಲಾಗಿರಲಿ.

ನೀನು ಗಂಡಸು. ಗಂಡಸಿನ ಹಾಗೆ ಹೇಳಿದರೆ ನಂಬುತ್ತಾರೆ.

ಅಕ್ಕ

*

ಕೆಂಗೇರಿ
12 ಸೆಪ್ಟೆಂಬರ್ 2024

ಮಾನಸ,

ನೀನ್ ಹೇಳ್ದಂಗೇ ಮಾಡ್ದೆ.

ಒಂದ್ ವಾರ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡ್ದೆ. ಅಮ್ಮ ನಂಗೆ ಹುಚ್ ಹಿಡೀತು ಅನ್ಕೊಂಡ್ಳು. ನಿನ್ನೆ ಆಫೀಸಲ್ಲಿ ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತೆ. ಸೂರು, ವೈರು, ಮೇನು, ಬಾಟ್ಲು. ಒಂದಾದ್ಮೇಲೊಂದು. ಶ್ರೀಶೈಲ ಅಂದೆ, ಅಣ್ಣ ಅನ್ಲಿಲ್ಲ. ಬಾಟ್ಲು ಹತ್ರ ಬಂದಾಗ ಒಳಗೆ ಕುದೀತಿತ್ತು. ನಾಲ್ಗೆ ಒತ್ತಿ ಒತ್ತಿ ಬಾಯಲ್ಲಿ ರಕ್ತದ್ ರುಚಿ ಬಂತು. ಒಂದ್ ಹನಿ ಬೀಳ್ಲಿಲ್ಲ.

ಕಂಪನಿ ಕಡೆ ಲಾಯರ್ ಎದ್ದ. ಫೋನಲ್ಲಿ ಎರಡ್ ವಿಡಿಯೋ ತೋರ್ಸ್ದ. ಒಂದು ಜೂನ್‌ದು, ಮುಂದಿನ್ ಸಾಲಲ್ಲಿ ನಾನ್ ಗಳಗಳ ಅಳೋದು. ಇನ್ನೊಂದು ಆ ಬುಧವಾರದ್ದು, ನಾನ್ ಹಾಲ್ ಒಳಗ್ ಓಡಿ ಬಂದಿದ್ದು, ಜನ ಚಪ್ಪಾಳೆ ಹೊಡ್ದಿದ್ದು. ಎಷ್ಟ್ ತಣ್ಣಗ್ ಮಾತಾಡ್ದ ಗೊತ್ತಾ. "ಸಾರ್, ಈ ಹುಡುಗ ಯಾರ್ದೋ ತಾಯಿಗೆ ಕಾಸು ತಗೊಂಡು ಹಿಂಗ್ ಅಳ್ತಾನೆ. ಸ್ವಂತ ಸ್ನೇಹಿತ ಸತ್ತಿದ್ದನ್ನ ಹೇಳ್ವಾಗ ಪಾಠ ಒಪ್ಸಿದಂಗೆ ಒಪ್ಸ್ತಾನೆ, ಕಣ್ಣು ಒಣಗಿದೆ. ಇವತ್ತು ಅಳೋಕೆ ಯಾರೂ ಕಾಸು ಕೊಟ್ಟಿಲ್ಲ ಅನ್ಸತ್ತೆ. ಎರಡ್ರಲ್ಲಿ ಯಾವ್ದನ್ನ ನಂಬೋದು?" ಆಫೀಸರ್ ಕನ್ನಡಕ ತೆಗ್ದು ನನ್ನೇ ನೋಡ್ದ. "ಇದನ್ನ ಯಾರಪ್ಪ ಬಾಯಿಪಾಠ ಮಾಡ್ಸಿದ್ದು?" ಅಂತ ಕೇಳ್ದ.

ಬಾಯ್ ಬಿಟ್ಟಿದ್ರೆ ನೀರ್ ಬರ್ತಿತ್ತು. ನಿನ್ ಮಾತ್ ಕೇಳ್ಕೊಂಡು ಬಾಯ್ ಮುಚ್ಚಿದ್ದೆ.

ಸಾಕ್ಷಿ ನಂಬಿಕೆಗೆ ಅರ್ಹ ಅಲ್ಲ ಅಂತ ಬರ್ಸ್ದ.

ಹೊರಗೆ ಬಸ್ ಸ್ಟಾಪಲ್ಲಿ ಧನ್ಯಶ್ರೀ ನಿಂತಿದ್ರು. ಮಗು ಸೆರಗ್ ಹಿಡ್ಕೊಂಡಿತ್ತು. "ನಮ್ಮಲ್ಲಿ ಅಳ್ಬಾರ್ದು ಅಂತಾರೆ ಅಣ್ಣ, ನಾನ್ ಬಚ್ಚಲ್ಮನೇಲಿ ಅಳ್ತೀನಿ. ನಿಮ್ಗೇನಾಗಿತ್ತು? ಅವ್ರಿಗೋಸ್ಕರ ನಿಮ್ಗೆ ಒಂದ್ ಹನೀನೂ ಬರ್ಲಿಲ್ವಾ?"

ಗಂಡಸಿನ ಹಾಗೆ ಹೇಳು ಅಂದ್ಯಲ್ಲ. ಹೇಳ್ದೆ. ನೀನ್ ಅಲ್ಲಿ ಖಾಕಿ ಹಾಕ್ಕೊಂಡು ಕಲ್ಲಾಗ್ತಿದ್ಯಾ, ಆಗು. ನನ್ನ ಯಾಕ್ ಮಾಡ್ದೆ? ಇನ್ಮೇಲ್ ನಂಗೆ ಬರೀಬೇಡ.

ಮೋಹನ್ ಕುಮಾರ್

*

20 ಅಕ್ಟೋಬರ್ 2024

ಮೋಹನ್,

ಬರೀಬೇಡ ಅಂದೆ. ಐದು ಭಾನುವಾರ ಫೋನು ಕೊಡು ಅಂದರೆ ಅಮ್ಮ, "ಅವ್ನು ಆಚೆ ಹೋದ" ಅನ್ನುತ್ತಾಳೆ. ಹಿಂದೆ ನಿನ್ನ ಚಪ್ಪಲಿ ಸದ್ದು ಕೇಳಿಸುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಓದದೆ ಹರಿದರೂ ಸರಿ.

ಆಗಸ್ಟಿನಲ್ಲಿ ಪರೀಕ್ಷೆ ಇರಲಿಲ್ಲ. ನಿನ್ನ ಶ್ರೀಶೈಲಣ್ಣ ಸತ್ತ ಪತ್ರ ಬಂದಾಗ ನಾನು ಮೈದಾನದ ಅಂಚಿನಲ್ಲಿ ಕೂತು ಓದಿದೆ. ಜನ ಚಪ್ಪಾಳೆ ತಟ್ಟಿದರು ಎಂಬಲ್ಲಿಗೆ ಬಂದಾಗ ತಡೆಯಲಾಗಲಿಲ್ಲ. ಡ್ರಿಲ್ ಕಲಿಸುವ ಉಸ್ತಾದ್ ನೋಡಿದರು. ಎಲ್ಲರನ್ನೂ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. ಸ್ನಾನದ ಮಗ್ ತರಿಸಿ ನನ್ನ ಕೈಗೆ ಕೊಟ್ಟರು. "ತುಂಬಿಸು. ತುಂಬುವ ತನಕ ಇವರು ನಿಂತಿರುತ್ತಾರೆ" ಎಂದರು. ಮೋಹನ್, ಅಷ್ಟು ಹೊತ್ತು ಸುರಿಯುತ್ತಿದ್ದದ್ದು ಮಗ್ ಕೈಗೆ ಬಂದ ತಕ್ಷಣ ನಿಂತುಹೋಯಿತು. ತಳವೂ ಒದ್ದೆಯಾಗಲಿಲ್ಲ. ಇಬ್ಬರು ಹುಡುಗಿಯರು ತಲೆ ಸುತ್ತಿ ಬಿದ್ದರು. ಮಿಕ್ಕವರು, "ಅಳೇ, ಬೇಗ ಅಳೇ" ಎಂದು ಪಿಸುಗುಟ್ಟುತ್ತಿದ್ದರು. ಆಮೇಲೆ ಎರಡು ವಾರ ನನ್ನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ನನ್ನ ಫೋನ್ ಕೂಡ ಕೊಡಲಿಲ್ಲ.

ನಿನಗೆ ಅಳಬೇಡ ಎಂದು ಬರೆದದ್ದು ಆ ಎರಡು ವಾರ ಮುಗಿದ ದಿನ. ನಿನಗೋಸ್ಕರ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ. ನಾನು ಬರೆದದ್ದು ಆ ಮಗ್ಗಿಗೆ.

ಈಗ ನನಗೆ ಅಳು ಬರುವುದೇ ಇಲ್ಲ. ನಿನ್ನ ಕೊನೆಯ ಪತ್ರ ಓದಿದಾಗಲೂ ಬರಲಿಲ್ಲ. ಉಸ್ತಾದರಿಗೆ ನಾನೆಂದರೆ ಈಗ ಬಹಳ ಇಷ್ಟ. ಡಿಸೆಂಬರಿನಲ್ಲಿ ಪರೇಡು, ಮೊದಲ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಅಪ್ಪ ಹೊಸ ಪಂಚೆ ತಗೊಂಡರಂತೆ.

ನೀನು ಬರುತ್ತೀಯಾ ಎಂದು ಕೇಳುವುದಿಲ್ಲ. ಆ ಹೆಂಗಸು ಹೇಗಿದ್ದಾರೆ?

ಅಕ್ಕ

*

ಕೆಂಗೇರಿ
3 ನವೆಂಬರ್ 2024

ಅಕ್ಕ,

ಹರೀಲಿಲ್ಲ. ಓದ್ದೆ. ಅಮ್ಮಂಗೆ ಹೇಳಿಲ್ಲ. ಆ ಉಸ್ತಾದ್ ನನ್ ಕೈಗೆ ಸಿಕ್ರೆ ಏನ್ ಮಾಡ್ತೀನಿ ಅಂತ ಬರ್ದು ಹೊಡ್ದ್ ಹಾಕಿದೀನಿ, ನಿಮ್ಮಲ್ಲಿ ಕಾಗ್ದ ಒಡೀತಾರೇನೋ ಅಂತ.

ಧನ್ಯಶ್ರೀ ಹೇಗಿದ್ದಾರೆ ಅಂತ ಕೇಳ್ದೆ. ಹೇಳ್ತೀನಿ.

ಅವ್ರ ಮಾವ ಸೈನ್ ಹಾಕ್ಬಿಟ್ರು. ಕಂಪನಿಯೋರು, ಒಂದಿಷ್ಟು ಕೊಡ್ತೀವಿ, ಕುಡ್ದು ಆದ ಅಪಘಾತ ಅಂತ ಒಪ್ಕೊಳಿ, ಕೇಸ್ ಬೇಡ ಅಂದ್ರಂತೆ. ಮುದುಕ್ರು, ಊರಿಗ್ ಹೋಗ್ಬೇಕು, ಒಪ್ಕೊಂಡ್ರು. ಸೊಸೇನ ಕೇಳ್ಲಿಲ್ಲ. ಅದ್ರಲ್ಲಿ ಇನ್ನೊಂದ್ ಕಂಡೀಶನ್ನು. ಚಾನೆಲ್ಲೋರು ಶ್ರೀಶೈಲಣ್ಣನ್ ನೆನಪಿಗೆ ಒಂದ್ ಎಪಿಸೋಡ್ ಮಾಡ್ತಾರೆ, ಧನ್ಯಶ್ರೀ ಸ್ಟೇಜಿಗ್ ಬಂದು ಚೆಕ್ ತಗೋಬೇಕು.

ಅವ್ರು ನಂಗೆ ಫೋನ್ ಮಾಡಿದ್ರು. ಬಸ್ ಸ್ಟಾಪಿನ್ ಮಾತು ಎತ್ಲಿಲ್ಲ. "ಅಲ್ಲಿ ನಂಗ್ಯಾರೂ ಗೊತ್ತಿಲ್ಲ ಅಣ್ಣ. ನೀವ್ ಬಂದ್ ಕೂತ್ಕೊಳಿ, ಸಾಕು" ಅಂದ್ರು. ನಾನು ಸ್ವಂತ ಕಾಸಲ್ಲಿ ಬಸ್ ಹತ್ಕೊಂಡ್ ಹೋದೆ. ಸೇತುರಾಮ ಹಲ್ ಬಿಟ್ಕೊಂಡು, "ಬಂದ್ಯಾ ಗುರು, ನಿನ್ ಜಾಗ ಖಾಲಿ ಇದೆ" ಅಂದ. ಮುಂದಿನ ಸಾಲು. ಕೂತೆ. ಶೆಡ್ ಸೂರಿಗೆ ಹೊಸ ಶೀಟ್ ಹಾಕಿದಾರೆ ಅಕ್ಕ. ವೈರೆಲ್ಲ ಪೈಪ್ ಒಳಗೆ.

ಧನ್ಯಶ್ರೀಗೆ ಬಿಳಿ ಸೀರೆ ಉಡ್ಸಿದ್ರು, ಅವ್ರದ್ದಲ್ಲ, ಶೋದು. ಹಿಂದೆ ಶ್ರೀಶೈಲಣ್ಣನ್ ದೊಡ್ಡ ಫೋಟೋ. ಆ ಮೇಡಂ ಮೊದ್ಲೇ ಅಳ್ತಾ ಬಂದು ತಬ್ಕೊಂಡ್ಳು. ಚೆಕ್ ಕೊಟ್ಳು. ಮೈಕ್ ಕೊಟ್ಟು, "ನಿಮ್ ಮನಸಲ್ಲಿರೋದನ್ನ ಹೇಳಿ ಅಮ್ಮ, ಅತ್ತು ಹಗುರ ಮಾಡ್ಕೊಳಿ" ಅಂದ್ಳು.

ಧನ್ಯಶ್ರೀ ಅಳ್ಲಿಲ್ಲ. ಮೈಕ್ ಹತ್ರ ತಗೊಂಡು, "ನನ್ ಗಂಡ ಕುಡ್ದಿರ್ಲಿಲ್ಲ" ಅಂದ್ರು.

ತಮ್ಮಣ್ಣ ಕಟ್ ಅಂದ. ಬಂದು, "ಅಮ್ಮ, ಅದೆಲ್ಲ ಬೇಡ, ಅವ್ರನ್ನ ನೆನೆಸ್ಕೊಂಡು ಅಳಿ, ಅಷ್ಟೇ" ಅಂತ ಹೇಳಿ ಹೋದ. ಮತ್ತೆ ಶುರು. ಮತ್ತೆ ಮೇಡಂ ತಬ್ಕೊಂಡ್ಳು. ಮತ್ತೆ ಮೈಕು. "ನನ್ ಗಂಡ ಕುಡ್ದಿರ್ಲಿಲ್ಲ." ಅದೇ ದನಿ, ಅಷ್ಟೇ ಎತ್ತರ. ಹಾಲಲ್ಲಿ ಎಲ್ಲ ಹೆಂಗಸ್ರೂ ತಮ್ಮಣ್ಣನ್ ಕೈ ನೋಡ್ತಿದ್ರು. ಅವ್ನ ಕೈ ಎತ್ತಕ್ಕೂ ಆಗ್ದೆ, ಎದೆ ಮೇಲೆ ಇಟ್ಕೊಳಕ್ಕೂ ಆಗ್ದೆ ಗಾಳೀಲಿ ನಿಂತಿತ್ತು. ಯಾರೂ ಚಪ್ಪಾಳೆ ಹೊಡೀಲಿಲ್ಲ, ಯಾರೂ ಸೆರಗ್ ಎತ್ಲಿಲ್ಲ. ಅಷ್ಟು ಜನ ಹಂಗೆ ಸುಮ್ನೆ ಕೂತಿದ್ದು ಆ ಶೆಡ್ಡಲ್ಲಿ ನಾನ್ ನೋಡಿರ್ಲಿಲ್ಲ.

ಮೂರನೇ ಸಲವೂ ಅವ್ರು ಅದನ್ನೇ ಹೇಳಿದ್ರು. ನಂಗೆ ಬಂತು. ನಾನ್ ಒಂಬತ್ತನೇ ಕ್ಲಾಸ್ ನೆನೆಸ್ಕೊಳ್ಲಿಲ್ಲ. ಏನೂ ನೆನೆಸ್ಕೊಳ್ಲಿಲ್ಲ, ನಾಲ್ಗೆನೂ ಒತ್ಲಿಲ್ಲ. ಅವ್ರು ಸ್ಟೇಜ್ ಮೇಲಿಂದ ನನ್ನ ನೋಡಿದ್ರು, ಒಂದ್ಸಲ ತಲೆ ಆಡ್ಸಿದ್ರು. ಕ್ಯಾಮೆರಾ ನನ್ ಕಡೆ ತಿರುಗ್ತು. ತಿರುಗ್ಲಿ ಅಂತ ಬಿಟ್ಟೆ. ಕಾಸ್ ತಗೊಳ್ದೆ ಬಂದೆ.

ಪ್ರೋಮೋ ಬರ್ತಿದೆ ಆಗ್ಲೇ. ಅವ್ರ ಮಾತ್ ತೆಗ್ದು ಕೊಳಲು ಹಾಕಿದಾರೆ. ಬಾಯಿ ಅಲ್ಲಾಡತ್ತೆ, ಏನೂ ಕೇಳ್ಸಲ್ಲ. ಕೆಳಗೆ ದೊಡ್ಡದಾಗಿ 'ಮಾತು ಬಾರದ ನೋವು' ಅಂತ ಬರ್ದಿದಾರೆ. ಆಮೇಲೆ ನನ್ ಮುಖ. ಅಪ್ಪ ನೋಡ್ದ. "ಸತ್ತೋನಿಗೆ ಅತ್ರೆ ಪರವಾಗಿಲ್ಲ ಬಿಡು" ಅಂತ ಜಗ್ಲಿಯಿಂದ ತಟ್ಟೆ ಒಳಗ್ ತಂದು ನನ್ ಪಕ್ಕ ಕೂತ. ನಾನ್ ಎದ್ದು ಕೈ ತೊಳ್ಕೊಂಡೆ.

ಧನ್ಯಶ್ರೀ ಇವತ್ತು ಬೆಳಗ್ಗೆ ಮಗು ಕರ್ಕೊಂಡು ಮಾವನ್ ಊರಿಗೆ ಹೋದ್ರು. ನಾಯಂಡಹಳ್ಳೀಲಿ ನಾನೇ ಬಸ್ ಹತ್ತಿಸ್ದೆ. ಮಗು ನನ್ನ ನೋಡಿ, "ಟಿವಿ ಅಣ್ಣ" ಅಂತು.

ಎಪಿಸೋಡು ಬರೋ ಭಾನುವಾರ. ನಿಮ್ಗೆ ಫೋನ್ ಕೊಡೋ ದಿನ. ನನ್ ಮುಖ ನೋಡ್ಬೇಡ, ಅದು ಎಲ್ರ್ ಫೋನಲ್ಲೂ ಇದೆ. ಸೌಂಡ್ ಪೂರ್ತಿ ಆಫ್ ಮಾಡು. ಅವ್ರ ಬಾಯಿ ನೋಡು. ಮೂರೇ ಪದ. ನಿಮ್ ಬ್ಯಾರಕ್‌ನಲ್ಲಿ ಕನ್ನಡ ಬರಲ್ಲ ಅಂದ್ಯಲ್ಲ, ಪರವಾಗಿಲ್ಲ, ಪಕ್ಕದಲ್ ಕೂತಿರೋರಿಗೆಲ್ಲ ಏನ್ ಹೇಳ್ತಿದಾರೆ ಅಂತ ನೀನೇ ಹೇಳು.

ಮೋಹನ್